ಗ್ಲಾಸ್ಗೋದಲ್ಲಿ ಎರಡು ಓಟು: ಹೊಸದಾಗಿ ಬಂದ ತಮ್ಮನಿಗೆ

ನೀನು ನನ್ನನ್ನು ಅಕ್ಕ ಅಂತ ಕರೆದಿದ್ದೀಯ. ಅದಕ್ಕೇ ನಾನೂ ಬಹುವಚನ ಬಿಟ್ಟಿದ್ದೇನೆ, ಬೇಜಾರಿಲ್ಲ ತಾನೆ?

ನೀನು ಕೇಳಿದ್ದು ಇಷ್ಟು. ದಾವಣಗೆರೆಯಿಂದ ಗ್ಲಾಸ್ಗೋಗೆ ಬಂದು ಐದು ತಿಂಗಳಾಗಿದೆ. ಕೆಲಸದ ವೀಸಾ, ಭಾರತದ ಪಾಸ್‌ಪೋರ್ಟ್. ಶನಿವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿ, 2026ರ ಮೇ 7ಕ್ಕೆ ಸ್ಕಾಟ್ಲೆಂಡ್ ಪಾರ್ಲಿಮೆಂಟಿಗೆ ಚುನಾವಣೆ, ನಿಮ್ಮ ಎರಡೂ ಓಟು ನಮಗೇ ಹಾಕಿ ಅಂದರು. ನೀನು ತಬ್ಬಿಬ್ಬಾಗಿ 'ನಾನು ಇಂಡಿಯನ್' ಅಂದೆ. ಅವರು 'ಅದಕ್ಕೇನಂತೆ, ನಿಮಗೂ ಓಟಿದೆ' ಅಂದು ಕರಪತ್ರ ಕೈಗಿಟ್ಟು ಹೋದರು. ಇದು ನಿಜವಾ? ಓಟು ಹಾಕಿದರೆ ವೀಸಾಗೆ ತೊಂದರೆ ಆಗುತ್ತಾ? ಅದೂ ಅಲ್ಲದೆ, ಒಬ್ಬನಿಗೆ ಎರಡು ಓಟು ಯಾಕೆ?

ನಿಜ. ನಿನಗೆ ಓಟಿದೆ. ವೀಸಾಗೆ ಏನೂ ಆಗುವುದಿಲ್ಲ. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ಇಲ್ಲಿ ಇರಲು ಪರವಾನಗಿ ಇರುವ ಭಾರತೀಯರು ಮತದಾರರ ಪಟ್ಟಿಗೆ ಸೇರಬಹುದು. ಸ್ಟೂಡೆಂಟ್ ವೀಸಾದವರೂ ಸೇರಬಹುದು. ಸ್ಕಾಟ್ಲೆಂಡ್ ಪಾರ್ಲಿಮೆಂಟಿಗೆ ಮಾತ್ರ ಅಲ್ಲ, ಲಂಡನ್ನಿನ ಪಾರ್ಲಿಮೆಂಟಿಗೂ ಓಟು ಹಾಕಬಹುದು. ನನ್ನ ಜೊತೆ ಕೆಲಸ ಮಾಡುವ ಬ್ರೆಜಿಲ್‌ನವಳೊಬ್ಬಳು ಇದ್ದಾಳೆ. ಸ್ಕಾಟ್ಲೆಂಡಿನಲ್ಲಿ 2020ರಲ್ಲಿ ಕಾನೂನು ಬದಲಾಗಿ, ಯಾವ ದೇಶದವರೇ ಆಗಲಿ, ಪರವಾನಗಿ ಇದ್ದರೆ ಇಲ್ಲಿನ ಚುನಾವಣೆಗೆ ಓಟು ಅಂತಾಯಿತು. ಅವಳು 2021ರಲ್ಲಿ ಮೊದಲ ಸಲ ಹಾಕಿದಳು. ಆದರೆ ಲಂಡನ್ನಿನದಕ್ಕೆ ಅವಳಿಗೆ ಇಲ್ಲ, ನಮಗಿದೆ. ಬ್ರಿಟಿಷರು ನಮ್ಮನ್ನು ಆಳಿದ್ದರಿಂದ ನಮಗೆ ಸಿಕ್ಕ ಬಡ್ಡಿ ಇದು ಅಂತ ಅವಳಿಗೆ ತಮಾಷೆ ಮಾಡುತ್ತಿರುತ್ತೇನೆ.

ಆದರೆ ಓಟು ತಾನಾಗೇ ಬರುವುದಿಲ್ಲ. ಹೆಸರು ಸೇರಿಸಬೇಕು. ಏಪ್ರಿಲ್ 20 ಕೊನೆ ದಿನ, ಅವತ್ತು ಮಧ್ಯರಾತ್ರಿಯವರೆಗೆ. ಸರ್ಕಾರದ ವೆಬ್‌ಸೈಟಿನಲ್ಲಿ ಐದೇ ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿ ಇಟ್ಟುಕೊಂಡು ಕೂತುಕೋ. ಕೊನೆಯಲ್ಲಿ 'ಓಪನ್ ರಿಜಿಸ್ಟರ್' ಅಂತ ಒಂದು ಪ್ರಶ್ನೆ ಬರುತ್ತದೆ. ಅದರಲ್ಲಿ ಬೇಡ ಅಂತ ಹಾಕು. ಆ ಪಟ್ಟಿಯನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದು, ಆಮೇಲೆ ಮನೆ ತುಂಬಾ ಜಾಹೀರಾತಿನ ಕಾಗದ. ನಾನು ಮೊದಲ ಸಲ ನೋಡದೆ ಬಿಟ್ಟುಬಿಟ್ಟಿದ್ದೆ. ಇನ್ನೊಂದು ಗುಟ್ಟು: ನಿನಗೆ ಚುನಾವಣೆಯಲ್ಲಿ ಒಂಚೂರೂ ಆಸಕ್ತಿ ಇಲ್ಲದಿದ್ದರೂ ಹೆಸರು ಸೇರಿಸು. ಬ್ಯಾಂಕಿನವರು ಸಾಲ ಕೊಡುವಾಗ, ಫೋನ್ ಕಾಂಟ್ರ್ಯಾಕ್ಟ್ ಕೊಡುವಾಗ ನೀನು ಆ ವಿಳಾಸದಲ್ಲಿ ನಿಜವಾಗಿ ಇದ್ದೀಯಾ ಅಂತ ಈ ಪಟ್ಟಿಯಲ್ಲೇ ನೋಡುತ್ತಾರೆ. ಹೊಸದಾಗಿ ಬಂದವರ ಕ್ರೆಡಿಟ್ ಸ್ಕೋರ್ ಮೇಲೇಳುವುದಕ್ಕೆ ಇಷ್ಟು ಅಗ್ಗದ ದಾರಿ ಇನ್ನೊಂದಿಲ್ಲ.

ಸರಿ, ಈ ಪಾರ್ಲಿಮೆಂಟ್ ನಿನಗೇನು ಮಾಡುತ್ತದೆ? ನಿನ್ನ ಪೇಸ್ಲಿಪ್ ತೆಗೆದು ಟ್ಯಾಕ್ಸ್ ಕೋಡ್ ನೋಡು. ಮುಂದೆ 'ಎಸ್' ಅಂತ ಅಕ್ಷರ ಇರುತ್ತದೆ. ಸ್ಕಾಟ್ಲೆಂಡಿನ ಎಸ್ ಅದು. ನಿನ್ನ ಸಂಬಳದ ತೆರಿಗೆಯ ದರ ಈ ಪಾರ್ಲಿಮೆಂಟ್ ಇರುವ ಎಡಿನ್‌ಬರೋದಲ್ಲಿ ತೀರ್ಮಾನ ಆಗುತ್ತದೆ, ಇಂಗ್ಲೆಂಡಿನ ಗೆಳೆಯರದ್ದಕ್ಕಿಂತ ಬೇರೆ. ಆಸ್ಪತ್ರೆ, ಶಾಲೆ, ಪೊಲೀಸು, ಮನೆ ಬಾಡಿಗೆಯ ಕಾನೂನು ಎಲ್ಲ ಇವರದ್ದೇ. ಡಾಕ್ಟರ್ ಚೀಟಿಯ ಔಷಧಿಗೆ ಇಲ್ಲಿ 2011ರಿಂದ ದುಡ್ಡಿಲ್ಲ. 22 ತುಂಬದ ಮಕ್ಕಳಿಗೆ ಬಸ್ಸು ಪುಕ್ಕಟೆ. ಆದರೆ ವೀಸಾ ಇವರ ಕೈಯಲ್ಲಿಲ್ಲ. ಒಮ್ಮೆ ಅಮ್ಮನ ವಿಸಿಟರ್ ವೀಸಾ ತಡವಾದಾಗ ನಾನು ನಮ್ಮ ಎಂಎಸ್‌ಪಿಗೆ ಉದ್ದದ ಕಾಗದ ಬರೆದೆ. ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ನಿಮ್ಮ ಎಂಪಿಗೆ ಬರೆಯಿರಿ ಅಂತ ಮರುದಿನವೇ ಮರ್ಯಾದೆಯಿಂದ ಉತ್ತರ ಬಂತು. ಎಂಎಸ್‌ಪಿ ಅಂದರೆ ಎಡಿನ್‌ಬರೋದವರು, ಎಂಪಿ ಅಂದರೆ ಲಂಡನ್ನಿನವರು. ಇದೊಂದು ತಲೆಯಲ್ಲಿ ಇರಲಿ.

ಇನ್ನು ಎರಡು ಓಟಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾನೇ ಎಡವಿದ ಜಾಗ ಇದು.

ನಾನು ಇಲ್ಲಿಗೆ ಬಂದದ್ದು 2009ರಲ್ಲಿ. ನನ್ನ ಮೊದಲ ಸ್ಕಾಟ್ಲೆಂಡ್ ಚುನಾವಣೆ 2011ರ ಮೇ 5. ಅವತ್ತೇ ಇನ್ನೊಂದು ಜನಮತವೂ ಇತ್ತು, ಲಂಡನ್ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ನಂಬರ್ ಹಾಕುವ ಪದ್ಧತಿ ತರಬೇಕಾ ಬೇಡವಾ ಅಂತ. ಜನ ಬೇಡ ಅಂದರು, ಅದು ಬೇರೆ ಮಾತು. ಆದರೆ ವಾರಗಟ್ಟಲೆ ಟೀವಿಯಲ್ಲಿ ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಕೇಳಿ ಕೇಳಿ ನನ್ನ ತಲೆಯಲ್ಲಿ ಅದೇ ಕೂತಿತ್ತು. ಮತಗಟ್ಟೆಯಲ್ಲಿ ಪಾರ್ಲಿಮೆಂಟಿಗೆ ಅಂತ ಎರಡು ಕಾಗದ ಕೊಟ್ಟರು. ಒಂದು ತಿಳಿ ನೇರಳೆ, ಒಂದು ಪೀಚ್ ಬಣ್ಣ, ಕೇಸರಿಬಾತಿಗೆ ಹಾಲು ಸುರಿದ ಹಾಗೆ. ನಾನು ನೇರಳೆ ಕಾಗದದಲ್ಲಿ ಇಷ್ಟವಾದ ಪಕ್ಷಕ್ಕೆ ಗುರುತು ಹಾಕಿದೆ. ಪೀಚ್ ಕಾಗದ ಎರಡನೇ ಆಯ್ಕೆಗೆ ಅಂದುಕೊಂಡು, ಪರವಾಗಿಲ್ಲ ಅನ್ನಿಸುವ ಇನ್ನೊಂದು ಪಕ್ಷಕ್ಕೆ ಹಾಕಿದೆ. ಮರುದಿನ ಕ್ಯಾಂಟೀನಿನಲ್ಲಿ ಇದನ್ನು ಹೆಮ್ಮೆಯಿಂದ ಹೇಳಿದರೆ, ಎದುರಿಗೆ ಕೂತಿದ್ದ ಹಿರಿಯ ಸಹೋದ್ಯೋಗಿ ಸೂಪಿನ ಚಮಚ ಕೆಳಗಿಟ್ಟು, 'ಅಯ್ಯೋ, ನೀನು ದೊಡ್ಡ ಓಟನ್ನೇ ಬೇರೆಯವರಿಗೆ ಕೊಟ್ಟೆಯಲ್ಲೇ' ಅಂದಳು.

ಅವಳು ಹೇಳಿದ್ದು ಹೀಗೆ. ಪಾರ್ಲಿಮೆಂಟಿನಲ್ಲಿ ಒಟ್ಟು 129 ಸೀಟು. 73 ಸೀಟು ಕ್ಷೇತ್ರದ್ದು. ನಮ್ಮ ವಿಧಾನಸಭೆ ಇದ್ದ ಹಾಗೆಯೇ, ಜಾಸ್ತಿ ಓಟು ಬಿದ್ದವರು ಗೆದ್ದರು. ನೇರಳೆ ಕಾಗದ ಇದಕ್ಕೆ. ಉಳಿದ 56 ಸೀಟು ಎಂಟು ಪ್ರಾಂತ್ಯಗಳಿಗೆ ಹಂಚಿದೆ, ಒಂದೊಂದಕ್ಕೆ ಏಳು. ಗ್ಲಾಸ್ಗೋ ಅಂಥ ಒಂದು ಪ್ರಾಂತ್ಯ. ಪೀಚ್ ಕಾಗದದಲ್ಲಿ ನೀನು ಗುರುತು ಹಾಕುವುದು ಪಕ್ಷಕ್ಕೆ. ಕ್ಷೇತ್ರಗಳಲ್ಲಿ ಯಾರಿಗೆ ಅನ್ಯಾಯವಾಯಿತೋ ಅವರಿಗೆ ಈ ಏಳು ಸೀಟಿನಲ್ಲಿ ಸರಿ ಮಾಡಿಕೊಡುತ್ತಾರೆ. ಅದಕ್ಕೇ ಅವಳು ಪೀಚ್ ಕಾಗದವನ್ನು ದೊಡ್ಡ ಓಟು ಅಂದದ್ದು.

ಹೇಗೆ ಸರಿ ಮಾಡುತ್ತಾರೆ? ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸುವುದನ್ನು ನೆನೆಸಿಕೋ. ಏಳೇ ಹೋಳಿಗೆ ಉಳಿದಿವೆ. ಬಡಿಸುವವನು ಪ್ರತಿ ಸಲವೂ ಯಾರ ಹಸಿವು ಜಾಸ್ತಿ ಅಂತ ನೋಡಿ ಒಂದು ಹಾಕುತ್ತಾನೆ. ಆಗಲೇ ತಿಂದವರ ಹಸಿವು ಅಷ್ಟಷ್ಟೇ ಇಳಿಯುತ್ತಾ ಹೋಗುತ್ತದೆ. ಲೆಕ್ಕದಲ್ಲಿ ಹೇಳಬೇಕೆಂದರೆ, ಪಕ್ಷಕ್ಕೆ ಬಿದ್ದ ಪೀಚ್ ಓಟನ್ನು, ಅದಕ್ಕೆ ಆಗಲೇ ಸಿಕ್ಕಿರುವ ಸೀಟಿಗೆ ಒಂದು ಕೂಡಿಸಿ, ಅದರಿಂದ ಭಾಗಿಸುತ್ತಾರೆ. ಬಂದ ಅಂಕಿ ಯಾರದ್ದು ದೊಡ್ಡದೋ ಅವರಿಗೆ ಸೀಟು. ಮತ್ತೆ ಭಾಗಾಕಾರ, ಮತ್ತೆ ಸೀಟು. ಏಳು ಸಲ.

2021ರ ಗ್ಲಾಸ್ಗೋ ತೆಗೆದುಕೋ. ಈ ಸಲ ಗಡಿಗಳನ್ನು ಹೊಸದಾಗಿ ಎಳೆದಿದ್ದಾರೆ, ಇದು ಹಳೆಯ ಲೆಕ್ಕ. ಪ್ರಾಂತ್ಯದ ಒಂಬತ್ತು ಕ್ಷೇತ್ರಗಳನ್ನೂ ಎಸ್‌ಎನ್‌ಪಿಯೇ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಗೆದ್ದಿತ್ತು. ಒಂಬತ್ತಕ್ಕೆ ಒಂಬತ್ತು. ಪೀಚ್ ಓಟು ಎಸ್‌ಎನ್‌ಪಿಗೆ 1,33,917, ಲೇಬರ್‌ಗೆ 74,088, ಕನ್ಸರ್ವೇಟಿವ್‌ಗೆ 37,027, ಗ್ರೀನ್ಸ್‌ಗೆ 36,114. ಎಸ್‌ಎನ್‌ಪಿ ಒಂಬತ್ತು ಹೋಳಿಗೆ ತಿಂದು ಕೂತಿದೆ, ಅದರ ಓಟನ್ನು ಹತ್ತರಿಂದ ಭಾಗಿಸಬೇಕು, 13,391. ಅದಕ್ಕೆ ಏಳರಲ್ಲಿ ಒಂದೂ ಬರಲಿಲ್ಲ. ಮೊದಲ ಸೀಟು ಲೇಬರ್‌ಗೆ. ಎರಡನೆಯದಕ್ಕೆ ಲೇಬರ್‌ನ ಅರ್ಧ 37,044, ಕನ್ಸರ್ವೇಟಿವ್ 37,027. ಹದಿನೇಳರ ಅಂತರದಲ್ಲಿ ಮತ್ತೆ ಲೇಬರ್! ಮೂರನೆಯದು ಕನ್ಸರ್ವೇಟಿವ್, ನಾಲ್ಕನೆಯದು ಗ್ರೀನ್ಸ್, ಐದು ಮತ್ತು ಆರು ಲೇಬರ್. ಏಳನೆಯದಕ್ಕೆ ಬಂದಾಗ ಕನ್ಸರ್ವೇಟಿವ್‌ನ ಅರ್ಧ 18,513, ಗ್ರೀನ್ಸ್‌ನ ಅರ್ಧ 18,057. ಹಾಗಾಗಿ ಕೊನೆಯ ಸೀಟು ಕನ್ಸರ್ವೇಟಿವ್ ಪಕ್ಷಕ್ಕೆ ಹೋಯಿತು. ಗ್ರೀನ್ಸ್‌ಗೆ ಇನ್ನೂ ಸಾವಿರದೊಳಗೆ ಓಟು ಬಿದ್ದಿದ್ದರೆ ಆ ಸೀಟು ಅವರದ್ದು.

ಇದರಲ್ಲಿ ಒಂದು ತಿರುವು ಕೇಳು. ಅದೇ ಪೀಚ್ ಕಾಗದದಲ್ಲಿ 'ಇಂಡಿಪೆಂಡೆಂಟ್ ಗ್ರೀನ್ ವಾಯ್ಸ್' ಅಂತ ಇನ್ನೊಂದು ಪಕ್ಷದ ಹೆಸರಿತ್ತು. ಗ್ರೀನ್ಸ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಅದಕ್ಕೆ ಗ್ಲಾಸ್ಗೋದಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಓಟು ಬಿತ್ತು. ಜನ ಹೆಸರು ನೋಡಿ ಮೋಸ ಹೋದರು, ಅದಕ್ಕೇ ಸೀಟು ತಪ್ಪಿತು ಅಂತ ಗ್ರೀನ್ಸ್‌ನವರು ಆಮೇಲೆ ಗೋಳಾಡಿದರು. ನಮ್ಮೂರಲ್ಲಿ ಒಂದೇ ಹೆಸರಿನ ಪಕ್ಷೇತರರನ್ನು ನಿಲ್ಲಿಸುತ್ತಾರಲ್ಲ, ಅದು ನೆನಪಾಯಿತು. ಪೀಚ್ ಕಾಗದ ಮೊಳದುದ್ದ ಇರುತ್ತದೆ. ಮೇಲಿಂದ ಕೆಳಗಿನವರೆಗೆ ಪೂರ್ತಿ ಓದಿ ಗುರುತು ಹಾಕು.

ಸುಮ್ನೆ ಯಾಕೆ ಇಷ್ಟೆಲ್ಲ ರಗಳೆ, ಜಾಸ್ತಿ ಓಟು ಬಿದ್ದವರು ಗೆದ್ದರು ಅಂದರೆ ಆಗದಾ ಅಂತ ನಿನಗೆ ಅನಿಸಬಹುದು. ನನಗೂ ಅನಿಸಿತ್ತು. ಆಮೇಲೆ ನಮ್ಮೂರಿನ ಲೆಕ್ಕ ನೋಡಿದೆ. 2018ರಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ಸಿಗೆ ಸುಮಾರು 38% ಓಟು, ಬಿಜೆಪಿಗೆ ಸುಮಾರು 36%. ಎಣಿಕೆಯ ದಿನ ಸೀಟು ಕಾಂಗ್ರೆಸ್ಸಿಗೆ 78, ಬಿಜೆಪಿಗೆ 104. ಓಟು ಕಮ್ಮಿ, ಸೀಟು ಜಾಸ್ತಿ. 2023ರಲ್ಲಿ ಬಿಜೆಪಿಗೆ ಮತ್ತೆ ಅದೇ 36% ಬಂತು. ಸೀಟು 66. ಓಟು ಅಲ್ಲಾಡಲಿಲ್ಲ, ಸೀಟು ಮಾತ್ರ 38 ಉದುರಿತು. ಯಾವ ಪಕ್ಷದವರೇ ಆಗಿರಲಿ, ಇದು ಸರಿಯಾದ ಕನ್ನಡಿ ಅಂತ ನನಗೆ ಹೇಳಲಾಗುವುದಿಲ್ಲ. ಪೀಚ್ ಕಾಗದ ಇಲ್ಲದಿದ್ದರೆ 2021ರಲ್ಲಿ ಗ್ಲಾಸ್ಗೋದ ಕಡೆಯಿಂದ ಎಸ್‌ಎನ್‌ಪಿ ಬಿಟ್ಟು ಬೇರೆ ಒಬ್ಬರೂ ಎಡಿನ್‌ಬರೋದಲ್ಲಿ ಇರುತ್ತಿರಲಿಲ್ಲ.

ಹಾಗಂತ ಇದು ಪರಿಪೂರ್ಣ ಅಂತ ತಿಳಿಯಬೇಡ. ನನಗೆ ಇದರಲ್ಲಿ ಸರಿ ಕಾಣದ್ದು ಒಂದಿದೆ. ಪ್ರಾಂತ್ಯದ ಪಟ್ಟಿಯಲ್ಲಿ ಯಾರು ಮೊದಲು, ಯಾರು ಆಮೇಲೆ ಅಂತ ತೀರ್ಮಾನ ಮಾಡುವುದು ಪಕ್ಷ. ನೀನು ಹೆಸರು ಆರಿಸುವ ಹಾಗಿಲ್ಲ. ಕ್ಷೇತ್ರದಲ್ಲಿ ಸೋತವರು ಪಟ್ಟಿಯಿಂದ ಒಳಗೆ ಬರಬಹುದು. 2021ರಲ್ಲಿ ಗ್ಲಾಸ್ಗೋ ಸೌತ್‌ಸೈಡ್‌ನಲ್ಲಿ ಸ್ಕಾಟ್ಲೆಂಡಿನ ಲೇಬರ್ ನಾಯಕ ಅನಸ್ ಸರ್ವರ್ ಆಗಿನ ಫಸ್ಟ್ ಮಿನಿಸ್ಟರ್ (ಇಲ್ಲಿನ ಮುಖ್ಯಮಂತ್ರಿ ಇದ್ದ ಹಾಗೆ), ಎಸ್‌ಎನ್‌ಪಿಯ ನಿಕೋಲಾ ಸ್ಟರ್ಜನ್ ಎದುರು ಸೋತರು, ಪಟ್ಟಿಯಿಂದ ಗೆದ್ದರು. ಮುಂಬಾಗಿಲಲ್ಲಿ ಬೇಡ ಅಂದವರು ಹಿತ್ತಲ ಬಾಗಿಲಿಂದ ಬಂದ ಹಾಗೆ ಅಂತ ಕೆಲವರು ಗೊಣಗುತ್ತಾರೆ. ಆದರೆ ಇದರಿಂದ ನಮಗೊಂದು ಅನುಕೂಲವೂ ಇದೆ. ನಿನಗೆ ಒಬ್ಬರಲ್ಲ, ಎಂಟು ಜನ ಎಂಎಸ್‌ಪಿಗಳು: ಕ್ಷೇತ್ರದವರು ಒಬ್ಬರು, ಪ್ರಾಂತ್ಯದವರು ಏಳು. ಒಬ್ಬರು ಕಿವಿಗೆ ಹಾಕಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಬರೆ. ನೀನು ಓಟು ಹಾಕದ ಪಕ್ಷದವರಿಗೂ ಬರೆಯಬಹುದು, ಯಾರಿಗೆ ಓಟು ಹಾಕಿದೆ ಅಂತ ಅವರು ಕೇಳುವುದೂ ಇಲ್ಲ.

ಬಾಗಿಲಿಗೆ ಬಂದವರು 'ಎರಡೂ ಓಟು ನಮಗೇ' ಅಂದಿದ್ದಾರೆ ಅಂದೆಯಲ್ಲ. ಇನ್ನೊಬ್ಬರು ಬಂದು 'ನೇರಳೆ ಯಾರಿಗೆ ಬೇಕಾದರೂ ಹಾಕಿ, ಪೀಚ್ ನಮಗೆ ಕೊಡಿ' ಅನ್ನುತ್ತಾರೆ, ನೋಡುತ್ತಿರು. ಎರಡಕ್ಕೂ ಅವರವರ ಲೆಕ್ಕವಿದೆ. 2021ರಲ್ಲಿ ಇಡೀ ಸ್ಕಾಟ್ಲೆಂಡಿನಲ್ಲಿ ಎಸ್‌ಎನ್‌ಪಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಪೀಚ್ ಓಟು ಬಿತ್ತು. ಕ್ಷೇತ್ರಗಳಲ್ಲಿ 62 ಗೆದ್ದಿದ್ದರಿಂದ ಪಟ್ಟಿಯಲ್ಲಿ ಸಿಕ್ಕಿದ್ದು ಎರಡೇ ಸೀಟು. ಇಷ್ಟು ಓಟು ದಂಡ ಆಯಿತಲ್ಲ, ಪೀಚ್ ನಮಗೆ ಕೊಡಿ ಅಂತ ಎಸ್‌ಎನ್‌ಪಿಯ ಹಳೆಯ ನಾಯಕ ಅಲೆಕ್ಸ್ ಸಾಲ್ಮಂಡ್ ಆ ವರ್ಷ ಅಲ್ಬಾ ಅನ್ನುವ ಹೊಸ ಪಕ್ಷದ ನಾಯಕರಾಗಿ ಪಟ್ಟಿಗೆ ಮಾತ್ರ ನಿಂತರು. ಜನ ಅವರ ಲೆಕ್ಕ ಒಪ್ಪಲಿಲ್ಲ, 1.7% ಓಟು, ಒಂದು ಸೀಟೂ ಇಲ್ಲ. ಬುದ್ಧಿವಂತಿಕೆ ಮಾಡಲು ಹೋದರೆ ನೀನು ಕ್ಷೇತ್ರದ ಫಲಿತಾಂಶ ಮುಂಚೆಯೇ ಸರಿಯಾಗಿ ಊಹಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಪೀಚ್ ಕಾಗದವನ್ನು ನಿನಗೆ ನಿಜವಾಗಿ ಇಷ್ಟವಾದ ಪಕ್ಷಕ್ಕೇ ಕೊಡು. ನೇರಳೆಯಲ್ಲಿ ಬೇಕಾದರೆ ರಾಜಿ ಮಾಡಿಕೋ. ನಾನು 2011ರಲ್ಲಿ ಮಾಡಿದ್ದು ಇದರ ಉಲ್ಟಾ.

ಯಾವ ಪಕ್ಷ ಅಂತ ಮಾತ್ರ ಕೇಳಬೇಡ. ಹದಿನೇಳು ವರ್ಷದಲ್ಲಿ ಮನೆಯವರಿಗೂ ಹೇಳಿಲ್ಲ.

ಈ ಪದ್ಧತಿಯಲ್ಲಿ ಒಬ್ಬರಿಗೇ ಬಹುಮತ ಬರುವುದು ಅಪರೂಪ. 65 ಬೇಕು. 1999ರಿಂದ 2021ರವರೆಗೆ ಆರು ಚುನಾವಣೆಗಳಲ್ಲಿ ಬಂದದ್ದು ಒಂದೇ ಸಲ, 2011ರಲ್ಲಿ, ಎಸ್‌ಎನ್‌ಪಿಗೆ 69. 2007ರಲ್ಲಿ ಅದೇ ಪಕ್ಷ 47 ಸೀಟಿನಲ್ಲಿ ನಾಲ್ಕು ವರ್ಷ ಸರ್ಕಾರ ನಡೆಸಿತು! 2021ರಲ್ಲಿ 64 ಬಂದು ಒಂದು ಸೀಟು ಕಮ್ಮಿ ಬಿದ್ದಾಗ ಗ್ರೀನ್ಸ್ ಜೊತೆ ಒಪ್ಪಂದ ಮಾಡಿಕೊಂಡರು. 2024ರ ಏಪ್ರಿಲ್‌ನಲ್ಲಿ ಆಗಿನ ಫಸ್ಟ್ ಮಿನಿಸ್ಟರ್ ಹಮ್ಜಾ ಯೂಸಫ್ ಆ ಒಪ್ಪಂದ ಮುರಿದರು, ನಾಲ್ಕೇ ದಿನದಲ್ಲಿ ತಾವೇ ರಾಜೀನಾಮೆ ಘೋಷಿಸಬೇಕಾಯಿತು. ಬಸ್ಸಿಲ್ಲ, ರೆಸಾರ್ಟಿಲ್ಲ. ಕರ್ನಾಟಕದವಳಾಗಿ ನನಗೆ ಸ್ವಲ್ಪ ಸಪ್ಪೆ ಅನಿಸಿತು, ನಿಜ ಹೇಳಬೇಕೆಂದರೆ.

ಮತದಾನದ ದಿನದ ಬಗ್ಗೆ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. ರಜೆ ಇರುವುದಿಲ್ಲ, ಗುರುವಾರ, ಆಫೀಸ್ ಮುಗಿಸಿಕೊಂಡೇ ಹೋಗಬಹುದು. ಮೇ ತಿಂಗಳಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ. ಸ್ಕಾಟ್ಲೆಂಡಿನ ಚುನಾವಣೆಗೆ ಫೋಟೋ ಇರುವ ಗುರುತಿನ ಚೀಟಿ ಬೇಡ. ಲಂಡನ್ನಿನದಕ್ಕೆ ಬೇಕು, ಎರಡನ್ನೂ ಕಲಸಬೇಡ. ಮನೆಗೆ ಬರುವ ಪೋಲ್ ಕಾರ್ಡ್ ತೋರಿಸಿದರೆ ಬೇಗ ಆಗುತ್ತದೆ, ಮರೆತರೂ ನಡೆಯುತ್ತದೆ. ನಮ್ಮ ಮತಗಟ್ಟೆ ಒಂದು ಪ್ರೈಮರಿ ಶಾಲೆಯ ಹಾಲ್. ಮಕ್ಕಳ ಕುಂಚದ ಚಿತ್ರಗಳ ಕೆಳಗೆ ಒಂದು ಉದ್ದ ಮೇಜು, ಅದರ ಹಿಂದೆ ಇಬ್ಬರು. ಒಬ್ಬರು ನನ್ನ ಹೆಸರನ್ನು ಮೂರು ಥರ ಉಚ್ಚರಿಸಿ ನೋಡಿ, ಆಮೇಲೆ ಸುಮ್ಮನೆ ಪಟ್ಟಿಯನ್ನು ನನ್ನ ಕಡೆ ತಿರುಗಿಸುತ್ತಾರೆ. ಸ್ಕೇಲ್ ಇಟ್ಟು ಹೆಸರಿನ ಮೇಲೆ ನೀಟಾಗಿ ಗೆರೆ ಎಳೆಯುತ್ತಾರೆ. ಒಳಗೆ ಮಷಿನ್ ಗಿಷಿನ್ ಏನೂ ಇಲ್ಲ, ದಾರ ಕಟ್ಟಿದ ಪೆನ್ಸಿಲ್. ಒಂದೊಂದು ಕಾಗದದಲ್ಲೂ ಒಂದೇ ಒಂದು ಇಂಟು ಮಾರ್ಕ್. ನಂಬರ್ ಹಾಕುವುದು ಕೌನ್ಸಿಲ್ ಚುನಾವಣೆಯಲ್ಲಿ, ಅದು ಮುಂದಿನ ವರ್ಷ. 2007ರಲ್ಲಿ ಎರಡನ್ನೂ ಒಂದೇ ದಿನ ಇಟ್ಟು, ಪಾರ್ಲಿಮೆಂಟಿನ ಎರಡೂ ಓಟನ್ನು ಒಂದೇ ಹಾಳೆಯಲ್ಲಿ ಕೊಟ್ಟಿದ್ದರು. 1.4 ಲಕ್ಷಕ್ಕೂ ಜಾಸ್ತಿ ಓಟು ತಿರಸ್ಕಾರವಾಯಿತು. ಎರಡು ಬಣ್ಣದ ಎರಡು ಹಾಳೆಗೆ ಮತ್ತೆ ಬಂದದ್ದು ಆ ಪಾಠದ ಮೇಲೆ.

ಬೆರಳಿಗೆ ಶಾಯಿ ಹಚ್ಚುವುದಿಲ್ಲ. ಮೊದಲ ಸಲ ಓಟು ಹಾಕಿ ಬಂದು ಶಿವಮೊಗ್ಗಕ್ಕೆ ಫೋನ್ ಮಾಡಿದಾಗ ಅಮ್ಮ ನಂಬಲೇ ಇಲ್ಲ. 'ಶಾಯಿ ಇಲ್ಲದ ಓಟು ಎಂಥದ್ದೇ, ಮತ್ತೆ ಹೋಗಿ ಇನ್ನೊಂದು ಹಾಕಿದರೆ?' ಅಂದರು. ಮೈಸೂರಿನಿಂದ ಎಷ್ಟೋ ದೇಶಗಳಿಗೆ ಆ ಶಾಯಿ ಹೋಗುತ್ತದಂತೆ, ಇಲ್ಲಿಗೆ ಮಾತ್ರ ಬಂದಿಲ್ಲ. ನೀನು ದಾವಣಗೆರೆಯ ಪಟ್ಟಿಯಲ್ಲೂ ಹೆಸರು ಇಟ್ಟುಕೊಳ್ಳಬೇಕೆಂದರೆ ಅನಿವಾಸಿ ಮತದಾರರಿಗೆ ಅಂತ ಫಾರಂ 6ಎ ಇದೆ. ಆದರೆ ಖುದ್ದಾಗಿ ಅಲ್ಲಿಗೆ ಹೋಗಿಯೇ ಓಟು ಹಾಕಬೇಕು.

ನಮ್ಮ ಮನೆಗೆ ಪೋಲ್ ಕಾರ್ಡ್‌ಗಳು ಬಂದಾಗಿವೆ. ಈ ಸಲ ಎರಡಲ್ಲ, ಮೂರು. ಇಲ್ಲಿ ಹದಿನಾರಕ್ಕೇ ಓಟು, ಮಗಳಿಗೆ ಜನವರಿಯಲ್ಲಿ ಹದಿನಾರು ತುಂಬಿತು. ತನ್ನ ಕಾರ್ಡನ್ನು ಫ್ರಿಜ್ ಮೇಲೆ ನಮ್ಮಿಬ್ಬರದಕ್ಕಿಂತ ಮೇಲೆ ಅಂಟಿಸಿದ್ದಾಳೆ. ನಿನ್ನೆ ರಾತ್ರಿ ಅಡುಗೆಮನೆ ಮೇಜಿನ ಮೇಲೆ ಕ್ಯಾಲ್ಕುಲೇಟರ್ ಇಟ್ಟುಕೊಂಡು ಗ್ಲಾಸ್ಗೋದ ಆ ಏಳು ಸೀಟನ್ನು ಅವಳೇ ಭಾಗಿಸಿದಳು, ನಿನಗೆ ಬರೆದ ಅಂಕಿಗಳು ಅವಳ ಪುಸ್ತಕದ್ದು. 'ಅಮ್ಮಾ, ನೀನು ಯಾರಿಗೆ ಹಾಕ್ತೀಯ?' ಅಂತ ಕೇಳಿದಳು. 'ನೀನು ಯಾರಿಗೆ?' ಅಂದೆ. ಅವಳೂ ಹೇಳಲಿಲ್ಲ.

ಹೆಸರು ಸೇರಿಸಿದ ಮೇಲೆ ಒಂದು ಮೆಸೇಜ್ ಹಾಕು. ಇಪ್ಪತ್ತನೇ ತಾರೀಕು ಮರೀಬೇಡ.